ಹೊಸ ಸ್ಕೂಟಿ ಇಬ್ಬರನ್ನು ಕೂರಿಸಿಕೊಂಡು ಮಡಿಕೇರಿ ಏರು ಹತ್ತುತ್ತದಾ?

ಸಣ್ಣ ಎಂಜಿನ್ನಿನ ಹೊಸ ಸ್ಕೂಟರ್ ಶೋರೂಮಿಗೆ ಬಂತೆಂದರೆ ಮೈಸೂರಿನಲ್ಲಿ ಮೊದಲು ಕೇಳುವುದು ‘ಲೀಟರಿಗೆ ಎಷ್ಟು ಕೊಡುತ್ತೆ?’ ಅಂತ. ಕೊಡಗಿನಲ್ಲಿ ಅದು ಎರಡನೇ ಪ್ರಶ್ನೆ. ಮೊದಲನೆಯದು, ‘ಹಿಂದೆ ಒಬ್ಬರು ಕೂತರೆ ಏರು ಎಳೆಯುತ್ತಾ?’ ಕಂಪನಿಯ ಕರಪತ್ರದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಪೂರ್ತಿ ಚಾರ್ಜಿಂಗ್ ಪಾಯಿಂಟು, ಬ್ಲೂಟೂತು, ಎಲ್‌ಇಡಿ ದೀಪದ ಪಟ್ಟಿ. ಆದರೆ ಅದೇ ಕರಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ನಾಲ್ಕೈದು ಅಂಕಿಗಳನ್ನು ಸರಿಯಾಗಿ ಓದಿದರೆ ಉತ್ತರವನ್ನು ನಾವೇ ತೆಗೆಯಬಹುದು.

ಈ ವರ್ಗದ ಗಾಡಿಗೆ ಇಲ್ಲಿ ಬೇಡಿಕೆ ಯಾಕೆ ಎಂಬುದು ಗುಟ್ಟೇನಲ್ಲ. ಒಳಗಿನ ಊರುಗಳಿಗೆ ಬಸ್ಸು ದಿನಕ್ಕೆ ಎರಡೋ ಮೂರೋ ಸಲ. ಸಂಜೆಯ ಬಸ್ಸು ತಪ್ಪಿದರೆ ಆಟೋ ಹೇಳಿದ್ದೇ ರೇಟು. ತೋಟದ ಲೆಕ್ಕ ಬರೆಯುವ ರೈಟರು, ಅಂಗನವಾಡಿ ಟೀಚರು, ಆಸ್ಪತ್ರೆಯ ನರ್ಸು, ಕುಶಾಲನಗರದ ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗಿ, ಇವರಿಗೆಲ್ಲ ಗೇರಿಲ್ಲದ ಗಾಡಿಯೇ ಬೇಕು. ಎಲೆಕ್ಟ್ರಿಕ್ ಸ್ಕೂಟರ್ ಇಳಿಜಾರಿನಲ್ಲಿ ಒಳ್ಳೆಯದೇ. ಆದರೆ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇಲ್ಲದ ಊರಿನಲ್ಲಿ ಅದನ್ನೇ ನಂಬಿಕೊಂಡು ಕೂರಲು ಯಾರೂ ತಯಾರಿಲ್ಲ. ಇದರ ಜೊತೆಗೆ 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕು ಸ್ಕೂಟರುಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ತೆರಿಗೆ ಬಿಟ್ಟು 70,000 ರೂಪಾಯಿ ಇರುವ ಸ್ಕೂಟರ್ ಮೊದಲು 89,600 ಆಗುತ್ತಿತ್ತು, ಈಗ 82,600. ಏಳು ಸಾವಿರ ಉಳಿಯಿತೆಂದರೆ ಕಾಫಿ ಕೊಯ್ಲಿನ ಸಂಬಳ ಕೂಡಿಟ್ಟು ಗಾಡಿ ತೆಗೆಯುವವರಿಗೆ ಅದು ಸಣ್ಣ ಮೊತ್ತವಲ್ಲ.

ಕೊಡಗು ಅಂದರೆ ಎಲ್ಲ ಕಡೆಯೂ ಏರೇ ಅಂದುಕೊಳ್ಳುವುದೂ ತಪ್ಪು. ಕುಶಾಲನಗರ, ಕೂಡಿಗೆ, ಹೆಬ್ಬಾಲೆ ಕಡೆ ರಸ್ತೆ ಹೆಚ್ಚುಕಡಿಮೆ ಸಮ. ಗೋಣಿಕೊಪ್ಪ, ಪೊನ್ನಂಪೇಟೆ ಸುತ್ತ ಗದ್ದೆಬಯಲು, ಸಣ್ಣ ಏರಿಳಿತ. ಅಲ್ಲಿನವರು 110 ಸಿ.ಸಿ.ಯ ಯಾವ ಗಾಡಿ ತೆಗೆದರೂ ನಡೆಯುತ್ತದೆ. ಅವರಿಗೆ ಈ ಲೇಖನದ ಅರ್ಧ ಬೇಡ, ಮಳೆಯ ಭಾಗ ಓದಿಕೊಂಡರೆ ಸಾಕು. ಕಷ್ಟ ಇರುವುದು ಗಾಳಿಬೀಡು, ಮಕ್ಕಂದೂರು, ಶಾಂತಳ್ಳಿ, ಭಾಗಮಂಡಲದ ಕಡೆ, ಸಂಪಾಜೆ ಘಾಟಿಯಲ್ಲಿ, ಮಾಕುಟ್ಟ ರಸ್ತೆಯಲ್ಲಿ. ಇನ್ನೂ ಹೆಚ್ಚು ಕಷ್ಟ ಟಾರು ರಸ್ತೆಯಿಂದ ಮನೆಯಂಗಳಕ್ಕೆ ನೇರ ಮೇಲೇರುವ ಆ ಕೊನೆಯ ಇನ್ನೂರು ಮೀಟರ್ ಕಾಂಕ್ರೀಟಿನಲ್ಲಿ.

ಅಂಕಿ ಓದುವ ಕ್ರಮ

ಹೋಂಡಾ ಆಕ್ಟಿವಾದ ಎಂಜಿನ್ 109.51 ಸಿ.ಸಿ. ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಸುಮಾರು 8 ಪಿ.ಎಸ್. (ಕುದುರೆಶಕ್ತಿಯ ಅಳತೆ) ಶಕ್ತಿ, 5,500 ಸುತ್ತಿನಲ್ಲಿ ಸುಮಾರು 9 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. 2024ರ ಆಗಸ್ಟಿನಲ್ಲಿ ಹೊಸದಾಗಿ ಬಂದ ಟಿವಿಎಸ್ ಜುಪಿಟರ್ 110ರದ್ದು 113.3 ಸಿ.ಸಿ. ಶಕ್ತಿ ಅಷ್ಟೇ, 8 ಪಿ.ಎಸ್., ಆದರೆ ಅದು 6,500 ಸುತ್ತಿಗೇ ಸಿಗುತ್ತದೆ. ಟಾರ್ಕ್ 5,000 ಸುತ್ತಿನಲ್ಲಿ 9.2. ಎರಡೂ ‘8 ಪಿ.ಎಸ್. ಗಾಡಿ’ ಎಂದು ಮಾರಾಟವಾದರೂ ಏರಿನಲ್ಲಿ ನಡೆ ಒಂದೇ ಅಲ್ಲ. ಅಂಕಿಯ ಮುಂದೆ ಬರೆದಿರುವ ಸುತ್ತು ಎಷ್ಟು ಕೆಳಗಿದೆಯೋ ಅಷ್ಟು ಬೇಗ, ಅಷ್ಟು ಕಡಿಮೆ ಕೂಗಾಟದಲ್ಲಿ ಎಂಜಿನ್ ಎಳೆಯುತ್ತದೆ. ಏರಿಗೆ ಬೇಕಾದ್ದು ಇದೇ.

125 ಸಿ.ಸಿ. ಸ್ಕೂಟರುಗಳನ್ನು ಪಕ್ಕದಲ್ಲಿಟ್ಟು ನೋಡಿ. ಸುಜುಕಿ ಆಕ್ಸೆಸ್ 8.4 ಪಿ.ಎಸ್., 10.2 ನ್ಯೂಟನ್ ಮೀಟರ್. ಯಮಹಾ ಫ್ಯಾಸಿನೋ 8.2 ಪಿ.ಎಸ್., 10.3 ನ್ಯೂಟನ್ ಮೀಟರ್, ತೂಕ ಬರೇ 99 ಕಿಲೋ. ಶಕ್ತಿಯಲ್ಲಿ 110ಕ್ಕೂ 125ಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಟಾರ್ಕಿನಲ್ಲಿ ಮಾತ್ರ ನೂರಕ್ಕೆ 12-13 ಭಾಗ ಹೆಚ್ಚು.

ಈ 12-13 ಭಾಗ ಕೊಡಗಿನಲ್ಲಿ ಯಾಕೆ ಮುಖ್ಯ ಎಂದರೆ, ಅಷ್ಟನ್ನೇ ಮಡಿಕೇರಿಯ ಗಾಳಿ ತಿಂದು ಹಾಕುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಅಷ್ಟು ಮೇಲೆ ಗಾಳಿ ನೂರಕ್ಕೆ 11-12 ಭಾಗ ತೆಳು. ಎಂಜಿನ್ ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿ ಕಡಿಮೆಯಾದರೆ ಸುಡುವ ಪೆಟ್ರೋಲೂ ಕಡಿಮೆ, ಶಕ್ತಿಯೂ ಕಡಿಮೆ. ಫ್ಯೂಯೆಲ್ ಇಂಜೆಕ್ಷನ್ ಇದೆಯಲ್ಲ ಎನ್ನುವವರಿದ್ದಾರೆ. ಇಂಜೆಕ್ಷನ್ ಗಾಳಿಗೆ ತಕ್ಕಂತೆ ಪೆಟ್ರೋಲಿನ ಅಳತೆ ಸರಿಮಾಡುತ್ತದೆ, ಹಾಗಾಗಿ ಹಳೆಯ ಕಾರ್ಬ್ಯುರೇಟರ್ ಗಾಡಿಯಂತೆ ಕಪ್ಪು ಹೊಗೆ ಬಿಟ್ಟು ಕೆಮ್ಮುವುದಿಲ್ಲ. ಇಲ್ಲದ ಗಾಳಿಯನ್ನು ಅದು ಎಲ್ಲಿಂದ ತರಬೇಕು? ಲೆಕ್ಕ ಇಷ್ಟೇ: ಮಡಿಕೇರಿಯಲ್ಲಿ ಓಡುವ 125, ಮಂಗಳೂರಿನಲ್ಲಿ ಓಡುವ 110ಕ್ಕೆ ಸಮ. ಮಡಿಕೇರಿಯ 110 ಅಂದರೆ ಕೆಳಗಿನವರ 100 ಸಿ.ಸಿ. ಗಾಡಿ. ಮಂಗಳೂರಿನ ನೆಂಟರು ‘ನಮ್ಮದು ಚೆನ್ನಾಗಿ ಎಳೀತದೆ’ ಎಂದು ಹೇಳಿದ್ದನ್ನು ನಂಬಿ ಅದೇ ಮಾಡೆಲ್ ತೆಗೆದು ಬೇಸರಪಡುವವರ ಸಮಸ್ಯೆಯ ಮೂಲ ಇಲ್ಲಿದೆ.

ಇದನ್ನು ರಸ್ತೆಯ ಮೇಲಿಟ್ಟು ನೋಡೋಣ. ಗಾಡಿ 106 ಕಿಲೋ, ಇಬ್ಬರು ಸೇರಿ 130, ಸಂತೆಯ ಚೀಲ ಹದಿನೈದು ಕಿಲೋ, ಒಟ್ಟು 250 ಅನ್ನಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ಘಾಟಿ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಲು, ಬೆಲ್ಟಿನಲ್ಲಿ ಸೋರಿಹೋಗುವುದನ್ನೂ ಸೇರಿಸಿ, ಎಂಜಿನ್ ಸುಮಾರು 3 ಕಿಲೋವ್ಯಾಟ್ ಕೊಡಬೇಕು. 40ರಲ್ಲಿ ಹೋಗಬೇಕಾದರೆ 4.3. 110ರ ಎಂಜಿನ್ನಿನ ಗರಿಷ್ಠ 8 ಪಿ.ಎಸ್. ಅಂದರೆ 5.9 ಕಿಲೋವ್ಯಾಟ್, ಮಡಿಕೇರಿಯ ಎತ್ತರದಲ್ಲಿ ಅದು 5.2. ಅಂದರೆ ಹೋಗುತ್ತದೆ, ಕೈಯಲ್ಲಿ ಸ್ವಲ್ಪ ಉಳಿದೂ ಇರುತ್ತದೆ. ಏರು ನೂರಕ್ಕೆ ಹನ್ನೆರಡಾದರೆ 30ರಲ್ಲಿ 4.1 ಬೇಕು, ನಡೆಯುತ್ತದೆ. 40ಕ್ಕೆ 5.7 ಬೇಕು, ಅಷ್ಟು ಇಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಮುಳ್ಳು ಮೂವತ್ತೈದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದು ಗಾಡಿಯ ದೋಷವಲ್ಲ, ಸರ್ವಿಸಿಗೆ ಕೊಟ್ಟರೂ ಸರಿಯಾಗುವುದಿಲ್ಲ. 125 ತೆಗೆದರೆ ಇದೇ ಏರಿನಲ್ಲಿ ಹಾರಿಹೋಗುತ್ತದೆ ಎಂದೂ ಅಲ್ಲ. ಅಷ್ಟು ಕೂಗಿಸದೆ ಹತ್ತುತ್ತದೆ, ಬೆಲ್ಟು ಅಷ್ಟು ಬಿಸಿಯಾಗುವುದಿಲ್ಲ, ಅಷ್ಟೇ.

ಕೆಲವು ಹೊಸ ಗಾಡಿಗಳಲ್ಲಿ ‘ಅಸಿಸ್ಟ್’ ಎಂಬ ಸೌಲಭ್ಯ ಇದೆ. ಸ್ಟಾರ್ಟ್ ಮಾಡುವ ಮೋಟಾರೇ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಂಡು ಎಂಜಿನ್ನಿಗೆ ಕೈಜೋಡಿಸುತ್ತದೆ. ಜುಪಿಟರಿನಲ್ಲಿ ಇದರಿಂದ ಟಾರ್ಕ್ 9.8ಕ್ಕೆ ಏರುತ್ತದೆ. ನಿಂತಲ್ಲಿಂದ ಹೊರಡುವಾಗ, ಬಸ್ಸನ್ನು ದಾಟುವಾಗ ಇದು ಗೊತ್ತಾಗುತ್ತದೆ. ಆದರೆ ಕೆಲವೇ ಸೆಕೆಂಡು ಸಿಗುವ ಸಹಾಯ ಇದು. ಹತ್ತು ಕಿಲೋಮೀಟರಿನ ಘಾಟಿಯನ್ನು ಬ್ಯಾಟರಿ ಎಳೆಯುವುದಿಲ್ಲ. ತಿರುವಿನ ನಂತರ ಮತ್ತೆ ವೇಗ ಹಿಡಿಯಲು ಚೆನ್ನಾಗಿದೆ ಎಂದಷ್ಟೇ ಲೆಕ್ಕ ಇಟ್ಟುಕೊಳ್ಳಿ.

ಬೆಲ್ಟು, ರೋಲರು, ಕ್ಲಚ್ಚು

ಏರಿನಲ್ಲಿ ಸ್ಕೂಟರ್ ಸೋಲುವುದು ಹೆಚ್ಚಾಗಿ ಎಂಜಿನ್ನಿನಲ್ಲಲ್ಲ, ಎಡಗಡೆಯ ಆ ಉದ್ದ ಕವರಿನೊಳಗೆ. ಅಲ್ಲಿ ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ನಡುವೆ ರಬ್ಬರ್ ಬೆಲ್ಟು. ಮುಂದಿನದರೊಳಗೆ ಆರು ರೋಲರುಗಳಿವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಸರಿದು ಬೆಲ್ಟನ್ನು ಮೇಲಕ್ಕೆ ತಳ್ಳುತ್ತವೆ, ಗೇರ್ ಏರಿದಂತಾಗುತ್ತದೆ. ಹಿಂದಿನ ಪುಲ್ಲಿಯ ಪಕ್ಕದಲ್ಲಿ ಕ್ಲಚ್ ಶೂಗಳಿವೆ. ಸುತ್ತು ಒಂದು ಮಟ್ಟ ದಾಟಿದ ಮೇಲೆ ಅವು ಬಿಚ್ಚಿಕೊಂಡು ಸುತ್ತಲಿನ ಲೋಹದ ಬಟ್ಟಲನ್ನು, ಅಂದರೆ ಕ್ಲಚ್ ಬೆಲ್ಲನ್ನು, ಹಿಡಿಯುತ್ತವೆ. ಆಮೇಲಷ್ಟೇ ಚಕ್ರ ತಿರುಗುವುದು.

ಮನೆಯ ಕಾಂಕ್ರೀಟ್ ಏರು ನೂರಕ್ಕೆ ಇಪ್ಪತ್ತು ಇದ್ದರೂ ಶಕ್ತಿಯ ಲೆಕ್ಕದಲ್ಲಿ 110 ಹತ್ತಬಲ್ಲದು. ತೊಂದರೆ ಬೇರೆ ಕಡೆ. ನಡುವೆ ನಾಯಿ ಅಡ್ಡ ಬಂತು, ಗಾಡಿ ನಿಂತಿತು, ಮತ್ತೆ ಹೊರಡಬೇಕು. ಆಗ ಶೂಗಳು ಬೆಲ್ಲನ್ನು ಪೂರ್ತಿ ಹಿಡಿಯದೆ ಉಜ್ಜುತ್ತಾ ಇರುತ್ತವೆ. ಆಕ್ಸಿಲರೇಟರನ್ನು ಅರ್ಧ ಕೊಟ್ಟು, ಗಾಡಿ ಹಿಂದಕ್ಕೆ ಜಾರದಂತೆ ಅದರಲ್ಲೇ ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರಂತೂ ಮುಗಿಯಿತು. ಸುಟ್ಟ ವಾಸನೆ ಬಂದರೆ ಅದು ಶೂವಿನದ್ದು. ಹೀಗೆ ಕಾದು ಕಾದು ಶೂವಿನ ಮೈ ಗಾಜಿನಂತೆ ನುಣುಪಾಗುತ್ತದೆ, ಬೆಲ್ ನೀಲಿಗಟ್ಟುತ್ತದೆ. ಆಮೇಲೆ ಪ್ರತಿ ಸಲ ಹೊರಡುವಾಗಲೂ ಗಾಡಿ ಗಡಗಡ ನಡುಗುತ್ತದೆ. ನಿಲ್ಲಬೇಕಾದಲ್ಲಿ ಬ್ರೇಕಿನಲ್ಲೇ ನಿಲ್ಲಿಸಿ. ಹೊರಡುವಾಗ ಬ್ರೇಕ್ ಬಿಡುತ್ತಾ ಆಕ್ಸಿಲರೇಟರನ್ನು ಅಂಜದೆ ಕೊಡಿ, ಶೂ ಬೇಗ ಕಚ್ಚಲಿ. ತೀರಾ ಕಡಿದಾಗಿದ್ದರೆ ಹಿಂದಿನವರು ಇಳಿದು ನಡೆಯುವುದರಲ್ಲಿ ಅವಮಾನವೇನಿಲ್ಲ.

ಬೆಲ್ಟನ್ನು 20ರಿಂದ 24 ಸಾವಿರ ಕಿ.ಮೀ.ಗೆ ಬದಲಾಯಿಸಿ ಎಂದು ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದು ಸಮತಟ್ಟಿನ ಲೆಕ್ಕ. ದಿನಾ ಘಾಟಿ ಹತ್ತುವ ಗಾಡಿಯಲ್ಲಿ 12 ಸಾವಿರಕ್ಕೇ ಕವರ್ ತೆಗೆಸಿ ನೋಡಿ. ಬೆಲ್ಟಿನ ಒಳಗಿನ ಹಲ್ಲಿನ ಬುಡದಲ್ಲಿ ಸಣ್ಣ ಬಿರುಕು, ಅಂಚಿನಲ್ಲಿ ನೂಲು ಎದ್ದಿರುವುದು, ಅಗಲ ಕಡಿಮೆಯಾಗಿರುವುದು ಕಂಡರೆ ಆಗಲೇ ಬದಲಾಯಿಸುವುದು ಒಳ್ಳೆಯದು. ಕಾಡಿನ ನಡುವೆ, ನೆಟ್‌ವರ್ಕ್ ಇಲ್ಲದ ಕಡೆ ಬೆಲ್ಟ್ ಕಡಿದರೆ ಎಂಜಿನ್ ಓಡುತ್ತಿರುತ್ತದೆ, ಗಾಡಿ ಕದಲುವುದಿಲ್ಲ. ಕವರ್ ತೆಗೆದಾಗಲೇ ರೋಲರುಗಳನ್ನೂ ಕೈಯಲ್ಲಿ ಹಿಡಿದು ಉರುಳಿಸಿ ನೋಡಬೇಕು. ಒಂದು ಕಡೆ ಚಪ್ಪಟೆಯಾಗಿದ್ದರೆ ಅದು ಸರಿಯಾಗಿ ಸರಿಯುವುದಿಲ್ಲ, ಪಿಕಪ್ ಒಮ್ಮೆ ಇದೆ ಒಮ್ಮೆ ಇಲ್ಲ ಎಂಬಂತಾಗುತ್ತದೆ. ಆರನ್ನೂ ಒಟ್ಟಿಗೆ ಬದಲಾಯಿಸಿ.

ರೋಲರಿನ ತೂಕ ಕಡಿಮೆ ಮಾಡಿದರೆ ಏರು ಚೆನ್ನಾಗಿ ಹತ್ತುತ್ತದೆ ಎಂದು ಕೆಲವು ಗ್ಯಾರೇಜಿನವರು ಹೇಳುತ್ತಾರೆ. ಮಾತು ನಿಜ. ಹಗುರ ರೋಲರು ತಡವಾಗಿ ಸರಿಯುತ್ತದೆ, ಗಾಡಿ ಕೆಳಗಿನ ಗೇರಿನಲ್ಲಿ ಹೆಚ್ಚು ಹೊತ್ತು ಇದ್ದಂತಾಗುತ್ತದೆ. ಆದರೆ ಸಮ ರಸ್ತೆಯಲ್ಲಿ ಎಂಜಿನ್ ಸುಮ್ಮನೆ ಕೂಗುತ್ತದೆ, ಮೈಲೇಜ್ ಬೀಳುತ್ತದೆ, ವಾರಂಟಿಯವರು ಕೈ ಎತ್ತುತ್ತಾರೆ. ಹೊಸ ಗಾಡಿಗೆ ಇದು ಬೇಡ.

ಹತ್ತಿದ್ದಕ್ಕಿಂತ ಇಳಿಯುವುದು ಕಷ್ಟ

ಏರಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಇಳಿಜಾರಿನ ಬಗ್ಗೆ ಯಾರೂ ಕೇಳುವುದಿಲ್ಲ. ಗೇರಿನ ಬೈಕನ್ನು ಎರಡನೇ ಗೇರಿಗೆ ಹಾಕಿ ಘಾಟಿ ಇಳಿಸುವುದು ಇಲ್ಲಿಯವರಿಗೆ ಗೊತ್ತು. ಸ್ಕೂಟರಿನಲ್ಲಿ ಆ ಸೌಲಭ್ಯ ಇಲ್ಲ. ಆಕ್ಸಿಲರೇಟರ್ ಬಿಟ್ಟಾಗ ಕ್ಲಚ್ ಹಿಡಿದಿರುವ ತನಕ ಎಂಜಿನ್ ಸ್ವಲ್ಪ ಎಳೆದು ಹಿಡಿಯುತ್ತದೆ. ವೇಗ ಗಂಟೆಗೆ 12-15 ಕಿ.ಮೀ.ಗಿಂತ ಇಳಿದರೆ ಶೂಗಳು ಮಡಚಿಕೊಂಡು ಬೆಲ್ಲನ್ನು ಬಿಡುತ್ತವೆ. ಇಲ್ಲಿಂದ ಮುಂದಿನದು ಹಳಬರಿಗೂ ಗೊತ್ತಿಲ್ಲದ ಸಂಗತಿ: ಒಮ್ಮೆ ಬಿಟ್ಟಮೇಲೆ ಗಾಡಿ ಇಳಿಜಾರಿನಲ್ಲಿ ಮತ್ತೆ 30, 40 ವೇಗ ಹಿಡಿದರೂ ಶೂ ತಾನಾಗಿ ಹಿಡಿಯುವುದಿಲ್ಲ. ಶೂಗಳನ್ನು ತಿರುಗಿಸುವುದು ಚಕ್ರವಲ್ಲ, ಬೆಲ್ಟಿನ ಮೂಲಕ ಎಂಜಿನ್, ಅದು ಆಗ ಐಡಲಿನಲ್ಲಿ ನಿಧಾನ ತಿರುಗುತ್ತಿದೆ. ಹೇರ್‌ಪಿನ್ ತಿರುವಿನಲ್ಲಿ ನಿಧಾನಿಸಿ, ತಿರುಗಿ, ಹಾಗೇ ಕೆಳಕ್ಕೆ ಬಿಟ್ಟರೆ ಗಾಡಿ ಸೈಕಲ್ಲಿನಂತೆ ಉರುಳುವುದು ಇದಕ್ಕೇ. ತಿರುವು ಮುಗಿದು ಗಾಡಿ ನೆಟ್ಟಗಾದ ಕೂಡಲೇ ಆಕ್ಸಿಲರೇಟರನ್ನು ಒಂದು ಕ್ಷಣ ಸ್ವಲ್ಪ ಕೊಟ್ಟು ಬಿಡಿ. ಶೂ ಕಚ್ಚುತ್ತದೆ, ಎಂಜಿನ್ನಿನ ಹಿಡಿತ ಮರಳುತ್ತದೆ. ಬ್ರೇಕಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಪೆಟ್ರೋಲ್ ಉಳಿಸಲು ಕೀ ಆಫ್ ಮಾಡಿ ಇಳಿಯುವವರಿಗೆ ಹೇಳಬೇಕಾದ್ದು ಒಂದೇ: ಎಂಜಿನ್ ಹಿಡಿತ ಹೋಯಿತು, ದೀಪ ಹೋಯಿತು, ಮಂಜಿನಲ್ಲಿ ಎದುರಿನ ಬಸ್ಸಿಗೆ ನೀವು ಕಾಣುವುದಿಲ್ಲ. ಕೀ ಅಪ್ಪಿತಪ್ಪಿ ಇನ್ನೊಂದು ಸುತ್ತು ತಿರುಗಿದರೆ ಹ್ಯಾಂಡಲ್ ಲಾಕ್.

125 ಸಿ.ಸಿ.ವರೆಗಿನ ಗಾಡಿಗಳಿಗೆ 2019ರ ಏಪ್ರಿಲಿನಿಂದ ಕಂಬೈಂಡ್ ಬ್ರೇಕ್ ಇಲ್ಲವೇ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ. ಈ ವರ್ಗದಲ್ಲಿ ಬರುವುದು ಹೆಚ್ಚಾಗಿ ಕಂಬೈಂಡ್. ಎಡ ಲಿವರ್ ಒತ್ತಿದರೆ ಹಿಂದಿನದರ ಜೊತೆ ಮುಂದಿನ ಬ್ರೇಕೂ ಒಂದಷ್ಟು ಹಿಡಿಯುತ್ತದೆ. ಹೊಸಬರಿಗೆ ಒಳ್ಳೆಯದೇ. ಆದರೆ ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ, ಒದ್ದೆಯಾದ ಸಿಲ್ವರ್ ಓಕ್ ಮರದ ಎಲೆಯ ಮೇಲೆ, ‘ಹಿಂದಿನದನ್ನು ಮಾತ್ರ ಹಿಡಿಯುತ್ತಿದ್ದೇನೆ’ ಎಂದುಕೊಂಡು ಎಡ ಲಿವರನ್ನು ಒಮ್ಮೆಲೇ ಒತ್ತಿದರೆ ಮುಂದಿನ ಚಕ್ರವೂ ಜಾರಬಹುದು. ಅಂಥ ಕಡೆ ಮೊದಲೇ ನಿಧಾನಿಸಿ, ತಿರುವಿನೊಳಗೆ ಲಿವರ್ ಮುಟ್ಟದಿರುವುದೇ ಉಪಾಯ.

ಡ್ರಮ್ಮೋ ಡಿಸ್ಕೋ ಎಂಬ ಚರ್ಚೆಗೆ ಕೊಡಗಿನ ಮಟ್ಟಿಗೆ ಉತ್ತರ ಸ್ಪಷ್ಟ: ದಿನಾ ಘಾಟಿ ಇಳಿಯುವವರಾದರೆ ಮುಂದೆ ಡಿಸ್ಕ್ ಇರುವ ಮಾಡೆಲಿಗೆ ಕೆಲವು ಸಾವಿರ ಹೆಚ್ಚು ಕೊಡಿ, ಅಲಾಯ್ ಚಕ್ರದ ಅಂದಕ್ಕಲ್ಲ, ಬ್ರೇಕಿಗೆ. 130 ಮಿ.ಮೀ. ಡ್ರಮ್ಮಿನೊಳಗೆ ಹುಟ್ಟಿದ ಬಿಸಿ ಹೊರಹೋಗಲು ದಾರಿ ಕಡಿಮೆ. ಬ್ರೇಕನ್ನು ಒಂದೇ ಸಮ ಮೆಲ್ಲಗೆ ಹಿಡಿದುಕೊಂಡೇ ಎರಡು ಮೂರು ಕಿ.ಮೀ. ಇಳಿದರೆ ಲೈನರ್ ಕಾದು ಹಿಡಿತ ಸಡಿಲವಾಗುತ್ತದೆ, ಲಿವರ್ ಒತ್ತಿದಷ್ಟೂ ಒಳಗೆ ಹೋಗುತ್ತದೆ. ಒಮ್ಮೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಟ್ಟು ತಣಿಯಲು ಬಿಡಿ, ಮತ್ತೆ ಹಿಡಿಯಿರಿ. ಹಳ್ಳದ ನೀರು ದಾಟಿದ ಮೇಲೆ ಡ್ರಮ್ಮು ಒಂದೆರಡು ಸಲ ಹಿಡಿಯುವುದೇ ಇಲ್ಲ. ದಾಟಿದ ಕೂಡಲೇ ಸಮ ಜಾಗದಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿ ನೂರು ಮೀಟರ್ ಹೋಗಿ ಒಣಗಿಸಿಕೊಂಡು ಆಮೇಲೆ ಇಳಿಜಾರಿಗೆ ಬಿಡಬೇಕು.

ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಹೆಚ್ಚಾದರೆ ಹಿಂದಿನ ಚಕ್ರದ ಬಳಿ ಇರುವ ನಟ್ಟನ್ನು ಅರ್ಧ ಅರ್ಧ ಸುತ್ತು ಬಿಗಿ ಮಾಡಿ. ಡ್ರಮ್ಮಿನ ತೋಳಿನ ಮೇಲೆ ಒಂದು ಬಾಣ, ಪ್ಲೇಟಿನ ಮೇಲೆ ಒಂದು ಗೆರೆ ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ಗೆರೆಯ ಮೇಲೆ ಬಂತೆಂದರೆ ಲೈನರ್ ಮುಗಿಯಿತು, ಇನ್ನು ನಟ್ಟು ತಿರುಗಿಸಿ ಪ್ರಯೋಜನವಿಲ್ಲ.

ಚಕ್ರದ ಬಗ್ಗೆ ಎರಡು ಮಾತು ಸಾಕು. ಆಕ್ಟಿವಾದಲ್ಲಿ ಹಿಂದಿನ ಚಕ್ರ 10 ಇಂಚು, ಜುಪಿಟರಿನಲ್ಲಿ ಎರಡೂ 12. ಟೈರ್ ಸೇರಿಸಿ ಅಳೆದರೆ ವ್ಯಾಸದಲ್ಲಿ ಮೂರು ಸೆಂಟಿಮೀಟರ್ ಚಿಲ್ಲರೆ ವ್ಯತ್ಯಾಸ. ಜೀಪು ಓಡಿ ಹೊಂಡಬಿದ್ದ ತೋಟದ ದಾರಿಯಲ್ಲಿ ಹಿಂದೆ ಕೂತವರ ಬೆನ್ನಿಗೆ ಆ ಮೂರು ಸೆಂಟಿಮೀಟರ್ ಚೆನ್ನಾಗಿಯೇ ಗೊತ್ತಾಗುತ್ತದೆ. ಗಾಳಿ ಸಾಮಾನ್ಯವಾಗಿ ಮುಂದೆ 22, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36 ಪಿ.ಎಸ್.ಐ. ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿ ಬೇರೆ ಇದ್ದರೆ ಅದೇ ಸರಿ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬರುವುದರಿಂದ ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಗಾಡಿ ಬಾಲ ಆಡಿಸುತ್ತದೆ. ಅಕ್ಕಿ ಮೂಟೆಯನ್ನು ಹಿಂದೆ ಕಟ್ಟುವ ಬದಲು ಕಾಲಿಡುವ ಜಾಗದಲ್ಲಿ ಇಟ್ಟರೆ ಮುಂದಿನ ಚಕ್ರ ಹಗುರಾಗುವುದಿಲ್ಲ. ಆದರೆ ಕಾಲು ಇಡಲು ಜಾಗ ಉಳಿಯಬೇಕು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಬೇಕು.

ಮಳೆಗಾಲದ ಕಾಯಿಲೆಗಳು

ಹೊಸ ಮಾಡೆಲುಗಳಲ್ಲಿ ಪೆಟ್ರೋಲ್ ಮುಚ್ಚಳ ಹೊರಗೆ ಬಂದಿದೆ. ಸೀಟು ಎತ್ತುವ ತಾಪತ್ರಯ ಇಲ್ಲ, ಎಲ್ಲರಿಗೂ ಇಷ್ಟವಾಗಿದೆ. ಆ ಹೊರ ಮುಚ್ಚಳ ಎತ್ತಿ ನೋಡಿ. ಕ್ಯಾಪಿನ ಸುತ್ತ ಒಂದು ಸಣ್ಣ ಬಟ್ಟಲಿನಂಥ ಜಾಗ, ಅದರ ಮೂಲೆಯಲ್ಲಿ ನೀರು ಹೋಗಲು ಒಂದು ತೂತು. ಮನೆಯ ಮುಂದೆ ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಕಸ, ಎಲೆಪುಡಿ, ಪಾಚಿ ಕೂತು ಆ ತೂತು ಮುಚ್ಚುತ್ತದೆ. ಮಳೆನೀರು ಕ್ಯಾಪಿನ ಸುತ್ತ ನಿಲ್ಲುತ್ತದೆ. ಬಂಕಿನ ಹುಡುಗ ಕ್ಯಾಪ್ ತೆಗೆದ ಕೂಡಲೇ ಅಷ್ಟೂ ನೀರು ಟ್ಯಾಂಕಿಗೆ. ಈಗ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ನೀರಿನ ಜೊತೆ ತಳ ಸೇರುತ್ತದೆ. ಪಂಪು ಎಳೆಯುವುದು ತಳದಿಂದಲೇ. ಮರುದಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ದೂರು ಎಥನಾಲಿನ ಮೇಲೆ ಅಥವಾ ಬಂಕಿನ ಮೇಲೆ. ಜೂನ್ ಬರುವ ಮೊದಲು ಒಂದು ತೆಳು ತಂತಿ ಹಾಕಿ ಆ ತೂತು ಬಿಡಿಸಿ, ಲೋಟ ನೀರು ಹೊಯ್ದು ಕೆಳಗೆ ಇಳಿಯುತ್ತದಾ ನೋಡಿ. ಕ್ಯಾಪ್ ಮುಚ್ಚಿರಬೇಕು, ಇದನ್ನೂ ಹೇಳಬೇಕಾಗುತ್ತದೆ.

ಎರಡನೆಯದು ಎಂಜಿನ್ ಆಯಿಲ್. ಮನೆಯಿಂದ ಪೇಟೆಗೆ ಎರಡೇ ಕಿ.ಮೀ. ಇರುವವರ ಗಾಡಿ ಮಳೆಗಾಲದಲ್ಲಿ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೊರಹೋಗದೆ ಆಯಿಲಿನಲ್ಲಿ ಉಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದರೆ ತುದಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ನೊರೆ ಕಾಣುತ್ತದೆ. ಎಂಜಿನ್ ಹೋಯಿತೆಂದು ಗಾಬರಿ ಬೇಡ. ವಾರಕ್ಕೊಮ್ಮೆ ಗಾಡಿಯನ್ನು ಒಂದೇ ಓಟಕ್ಕೆ 15-20 ಕಿ.ಮೀ. ಓಡಿಸಿ. ನೊರೆ ಹೋಗದಿದ್ದರೆ ಆಯಿಲ್ ಬದಲಾಯಿಸಿ. ಈ ಗಾಡಿಗಳಿಗೆ ಮುಕ್ಕಾಲು ಲೀಟರಿನ ಆಸುಪಾಸು ಸಾಕು, ಹಿಂದಿನ ಗೇರ್ ಪೆಟ್ಟಿಗೆಗೆ ನೂರು ಮಿ.ಲೀ. ಚಿಲ್ಲರೆ. ಈ ಗೇರ್ ಆಯಿಲನ್ನು ಕೇಳದಿದ್ದರೆ ಯಾರೂ ಬದಲಾಯಿಸುವುದಿಲ್ಲ. ಬದಲಾಯಿಸಿದಾಗ ಬಿಳಿಚಿಕೊಂಡಿದ್ದರೆ ನೀರು ಒಳಗೆ ಹೋಗಿದೆ ಎಂದರ್ಥ.

ನಾಲ್ಕು ದಿನ ಮಳೆಯಲ್ಲಿ ನಿಂತ ಗಾಡಿ ಬೆಳಗ್ಗೆ ಹೊರಡುವಾಗ ನಡುಗಿ, ಒಂದು ಕಿ.ಮೀ. ನಂತರ ಸರಿಯಾದರೆ ಅದು ಕ್ಲಚ್ ಬೆಲ್ಲಿನ ಮೇಲೆ ಕೂತ ತೆಳು ತುಕ್ಕು, ತಾನಾಗಿ ಉಜ್ಜಿ ಹೋಗುತ್ತದೆ. ತುಂಬಿ ಹರಿಯುವ ರಸ್ತೆಯಲ್ಲಿ ಕಾಲಿಡುವ ಹಲಗೆಯ ಮಟ್ಟಕ್ಕೆ ನೀರು ಬಂದರೆ ಬೆಲ್ಟಿನ ಕವರಿಗೂ ನೀರು ಹೋಗಿರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಅಲ್ಲೇ ಬಲವಂತ ಮಾಡಿದರೆ ಬೆಲ್ಟ್ ಜಾರಿ ಸುಡುತ್ತದೆ. ಕವರ್ ಬಿಚ್ಚಿಸಿ ಒಣಬಟ್ಟೆಯಲ್ಲಿ ಒರೆಸಿದರೆ ಮುಗಿಯುವ ಕೆಲಸ ಅದು.

ಏರ್ ಫಿಲ್ಟರಿನ ಕಾಟ ಮಳೆಗಾಲದ್ದಲ್ಲ, ಡಿಸೆಂಬರಿನಿಂದ ಮಾರ್ಚ್‌ವರೆಗಿನದು. ಕೊಯ್ಲಿನ ಕಾಲದ ಕೆಂಪು ಧೂಳು. ಎಣ್ಣೆ ಹಿಡಿಸಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆಯುವುದು, ತೊಳೆಯುವುದು ಎರಡೂ ತಪ್ಪು. ಕೊಳಕಾದರೆ ಹೊಸದು ಹಾಕಬೇಕು. ಏರಿನಲ್ಲಿ ಪಿಕಪ್ ಕಡಿಮೆಯಾಯಿತು ಎಂದು ಬರುವ ಗಾಡಿಗಳಲ್ಲಿ ಮೊದಲು ಬಿಚ್ಚಿ ನೋಡಬೇಕಾದ್ದು ಇದನ್ನೇ.

ಮೈಲೇಜು, ದುಡ್ಡು

250 ಕಿಲೋವನ್ನು ಸಾವಿರ ಮೀಟರ್ ಮೇಲಕ್ಕೆ ಎತ್ತಲು ಈ ಎಂಜಿನ್, ಈ ಬೆಲ್ಟಿನ ದಕ್ಷತೆಯಲ್ಲಿ ಸುಮಾರು 400 ಮಿ.ಲೀ. ಪೆಟ್ರೋಲ್ ಬೇಕು. ಸಂಪಾಜೆಯಿಂದ ಮಡಿಕೇರಿಗೆ ಇಪ್ಪತ್ತೈದು ಕಿ.ಮೀ. ಚಿಲ್ಲರೆ, ಏರು ಸಾವಿರ ಮೀಟರಿನ ಆಸುಪಾಸು. ಸಮ ರಸ್ತೆಯಲ್ಲಿ ಲೀಟರಿಗೆ 50 ಕೊಡುವ ಗಾಡಿ ಅಷ್ಟು ದೂರಕ್ಕೆ ಅರ್ಧ ಲೀಟರ್ ಕುಡಿಯುತ್ತದೆ. ಘಾಟಿ ಹತ್ತುವಾಗ ಅದರ ಮೇಲೆ ಈ 400. ಹಾಗಾಗಿ ಹತ್ತುವಾಗ ಲೀಟರಿಗೆ 30ರ ಒಳಗೆ ಬಂದರೆ ಗಾಡಿ ಕೆಟ್ಟಿದೆ ಎಂದಲ್ಲ. ಇಳಿಯುವಾಗ ಉಳಿತಾಯವಾಗುತ್ತದೆ, ಆದರೆ ಕೊಟ್ಟಿದ್ದೆಲ್ಲ ವಾಪಸ್ ಬರುವುದಿಲ್ಲ, ಒಂದು ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಯಿತು. ಮೈಲೇಜ್ ಅಳೆಯುವುದಾದರೆ ಟ್ಯಾಂಕ್ ತುಂಬಿಸಿ, ಹೋಗಿ, ಬಂದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕಿ. ಐದು ಲೀಟರಿನ ಟ್ಯಾಂಕು, ರಾತ್ರಿ ಬಂಕು ಮುಚ್ಚುವ ಊರು, ಇದನ್ನೂ ನೆನಪಿಟ್ಟುಕೊಳ್ಳಿ.

110 ತೆಗೆದರೆ ಇನ್ಶೂರೆನ್ಸ್ ಕಡಿಮೆ ಎಂದು ಕೆಲವರು ಎಣಿಸುತ್ತಾರೆ. ಹಾಗಿಲ್ಲ. 75ರಿಂದ 150 ಸಿ.ಸಿ.ವರೆಗೆ ಥರ್ಡ್ ಪಾರ್ಟಿ ವಿಮೆಗೆ ಒಂದೇ ದರ, 2022ರಲ್ಲಿ ನಿಗದಿಯಾದಂತೆ ಹೊಸ ಗಾಡಿಗೆ ಐದು ವರ್ಷಕ್ಕೆ 3,851 ರೂಪಾಯಿ. ರಸ್ತೆ ತೆರಿಗೆ ನಿಂತಿರುವುದು ಸಿ.ಸಿ. ಮೇಲಲ್ಲ, ಬೆಲೆಯ ಹಂತದ ಮೇಲೆ. 125ರ ಅತಿ ಮೇಲಿನ ಮಾಡೆಲ್ ಲಕ್ಷ ದಾಟಿದರೆ ತೆರಿಗೆಯ ಪ್ರಮಾಣವೇ ಏರುತ್ತದೆ, ಆನ್‌ರೋಡ್ ಬೆಲೆ ಕೇಳಿ ಕಣ್ಣು ಕೆಂಪಾಗುವುದು ಆಗ. ಹೀಗಾಗಿ ಮಡಿಕೇರಿ, ಸೋಮವಾರಪೇಟೆ ಕಡೆಯವರು ದಿನಾ ಇಬ್ಬರು ಓಡಾಡುವುದಾದರೆ 110ರ ಮೇಲಿನ ಮಾಡೆಲಿಗೆ ಹಾಕುವ ದುಡ್ಡನ್ನು 125ರ ಸಾದಾ ಮಾಡೆಲಿಗೆ ಹಾಕುವುದು ಲೇಸು. ಒಬ್ಬರೇ ಓಡಾಡುವವರಿಗೆ, ಕುಶಾಲನಗರ, ಗೋಣಿಕೊಪ್ಪದ ಕಡೆಯವರಿಗೆ 110 ಧಾರಾಳ ಸಾಕು.

ಬಿಡುಗಡೆಯಾದ ತಿಂಗಳಲ್ಲೇ ಬುಕ್ ಮಾಡುವ ಮೊದಲು ಬಿಡಿಭಾಗದ ಬಗ್ಗೆ ವಿಚಾರಿಸಿ. ಬೆಲ್ಟು, ಬ್ರೇಕ್ ಶೂ, ಲಿವರ್, ಕನ್ನಡಿ ಇವು ಊರಿನಲ್ಲೇ ಸಿಗುತ್ತವೋ, ಮೈಸೂರಿನಿಂದ ಬರಬೇಕೋ? ‘ತರಿಸಿಕೊಡ್ತೇವೆ’ ಎಂಬ ಉತ್ತರ ಬಂದರೆ ಎಷ್ಟು ದಿನ ಎಂದು ಕೇಳಿ. 2025ರ ಏಪ್ರಿಲಿನಿಂದ ಬರುವ ಗಾಡಿಗಳು ಒಬಿಡಿ 2ಬಿ ನಿಯಮದವು, ಅಂದರೆ ಎಂಜಿನ್ನಿನ ದೋಷವನ್ನು ಗಾಡಿಯೇ ಗುರುತಿಸಿ ಕೋಡ್ ಆಗಿ ಇಟ್ಟುಕೊಳ್ಳುತ್ತದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತಿಕೊಂಡರೆ ಕೋಡ್ ಓದಲು ಸ್ಕ್ಯಾನರ್ ಬೇಕು, ಊರಿನ ಗ್ಯಾರೇಜಿನವರ ಬಳಿ ಅದು ಇದೆಯೋ ನೋಡಿಕೊಳ್ಳಿ. ಕಿಕ್ಕರ್ ಇದೆಯಾ ಎಂದೂ ನೋಡಿ. ಚಳಿಗೆ ಬ್ಯಾಟರಿ ಸ್ವಲ್ಪ ಇಳಿದಾಗ ಅದು ಆಧಾರ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪಿಗೇ ಕರೆಂಟ್ ಸಾಲದೆ ಕಿಕ್ಕೂ ಕೈಕೊಡಬಹುದು.

ಟೆಸ್ಟ್ ರೈಡನ್ನು ಶೋರೂಮಿನ ಮುಂದಿನ ಸಮ ರಸ್ತೆಯಲ್ಲಿ ಮುಗಿಸಲು ಒಪ್ಪಬೇಡಿ. ಮನೆಯವರಲ್ಲಿ ಯಾರು ದಿನಾ ಹಿಂದೆ ಕೂರುತ್ತಾರೋ ಅವರನ್ನೇ ಕರೆದುಕೊಂಡು ಹೋಗಿ. ಮಡಿಕೇರಿಯಲ್ಲಾದರೆ ಓಂಕಾರೇಶ್ವರ ದೇವಸ್ಥಾನದ ಕಡೆಯಿಂದ ಮೇಲಕ್ಕೆ ಬರುವ ರಸ್ತೆ ಸಾಕು. ಏರಿನ ನಡುವೆ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿಸಿ. ನಡುಗಿತಾ, ಹಿಂದಕ್ಕೆ ಜಾರಿತಾ, ಆಕ್ಸಿಲರೇಟರ್ ಎಷ್ಟು ಕೊಡಬೇಕಾಯಿತು, ಗಮನಿಸಿ. ಹಾಗೇ ಇಳಿಸಿ, ತಿರುವಿನ ಮುಂಚೆ ಎಡ ಲಿವರ್ ಒಂದರಲ್ಲೇ ಎಷ್ಟು ಹಿಡಿಯುತ್ತದೆ ನೋಡಿ.

ಕೊನೆಗೆ ಅದೇ ಏರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೈ ಬಿಡಿ. ಬೈಕನ್ನು ಗೇರಿನಲ್ಲಿಟ್ಟು ಹೋಗಬಹುದು, ಸ್ಕೂಟರಿಗೆ ಆ ಭಾಗ್ಯವಿಲ್ಲ, ಎಂಜಿನ್ ಆಫ್ ಆದಮೇಲೆ ಚಕ್ರ ಸ್ವತಂತ್ರ. ಮುಂಭಾಗ ಇಳಿಜಾರಿಗೆ ಇಟ್ಟರೆ ಗಾಡಿ ಮುಂದಕ್ಕೆ ಉರುಳಿ ಸ್ಟ್ಯಾಂಡ್ ತಾನಾಗಿ ಮಡಚಿಕೊಳ್ಳುತ್ತದೆ. ಮುಂಭಾಗ ಏರಿಗಿರಲಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಆಗಿರಲಿ, ಬ್ರೇಕ್ ಲಿವರ್ ಹಿಡಿದಲ್ಲೇ ನಿಲ್ಲಿಸುವ ಕ್ಲಿಪ್ ಹಾಕಿರಲಿ. ಆ ಕ್ಲಿಪ್ಪು ಕೆಲವು ಮಾಡೆಲುಗಳಲ್ಲಿ ಇದೆ, ಕೆಲವದರಲ್ಲಿ ಇಲ್ಲ. ಬ್ಲೂಟೂತ್ ಇದೆಯಾ ಎಂದು ಕೇಳುವ ಮೊದಲು ಅದನ್ನು ಕೇಳಿ.